ಬದುವಿನಾಚೆಯ ಮನೆ

ಹುಬ್ಬಳ್ಳಿ ಬಿಡುವ ಮಾತು ಮೊದಲು ಬಂದದ್ದು ಊಟದ ತಾಟಿನ ಮುಂದೆ. ರಾಜೇಶ್ವರಿ ಎರಡನೆಯ ರೊಟ್ಟಿ ನೀಡಲು ಬಗ್ಗಿದ್ದಳು. ಗಂಡ ಮಹಾದೇವ ತಲೆ ಎತ್ತದೆಯೇ ಅಂದ:

"ಬಸವ ಜಯಂತಿ ಆದ ಮ್ಯಾಲೆ ನಮ್ಮೂರು ಸುರೇಬಾನಕ್ಕ ಹೋಗೂಣು. ಹೊಲದಾಗ ಇರೂಣು. ಕಾಕಾಗ ಫೋನ್ ಮಾಡಿ ಹೇಳೇನಿ, ನಮ್ಮ ಪಾಲಿನ ಹೊಲಾ ಈ ವರ್ಷದಿಂದ ನಾವ ಮಾಡ್ತೇವಿ ಅಂತ."

"ನಾವಂದ್ರ ಯಾರು?"

"ನಾವಂದ್ರ ನಾವು. ಮತ್ತ್ಯಾರು?"

ಮಹಾದೇವ ಇಪ್ಪತ್ತು ವರ್ಷ ಒಂದೇ ವರ್ಕ್‌ಶಾಪಿನಲ್ಲಿ ಲೇಥ್ ನಡೆಸಿದವನು. ಮಾಲೀಕ ಜಾಗ ಮಾರಿ ಹೋದಮೇಲೆ ಬೇರೆ ಕಡೆ ಕೇಳಿ ನೋಡಿದ. ಎಲ್ಲ ಕಡೆ ಕಂಪ್ಯೂಟರ್ ಮಷೀನು, ಅದರ ಮುಂದೆ ಇಪ್ಪತ್ತೆರಡರ ಹುಡುಗರು. ಮನೆಯಲ್ಲಿ ಕುಳಿತು ಫೋನಿನಲ್ಲಿ ವಿಡಿಯೋ ನೋಡುವುದು ಅವನಿಗೆ ಚಟವಾಯಿತು. ಒಬ್ಬ ಎಮ್ಮೆಯ ಕೊರಳು ತಬ್ಬಿಕೊಂಡು ನಗುತ್ತಿದ್ದ, ಇನ್ನೊಬ್ಬ ಬೆಳಗಿನ ಬಿಸಿಲಲ್ಲಿ ನಿಂತು, ಪಟ್ಟಣದ ನೌಕರಿ ಒದ್ದು ಬಂದೆ ಎನ್ನುತ್ತಿದ್ದ. ಅದನ್ನೆಲ್ಲ ನೋಡಿ ನೋಡಿ ಇವನ ಮನಸ್ಸು ಗಟ್ಟಿಯಾಯಿತು.

ರಾಜೇಶ್ವರಿ ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವಳು. ಮನೆಯ ಮುಂದಿನ ಖೋಲಿಯಲ್ಲಿ ಜಂಪರ್ ಹೊಲಿಯುತ್ತಿದ್ದಳು. ಮದುವೆ ಸುಗ್ಗಿ ಬಂದರೆ ಅವಳಿಗೆ ಊಟಕ್ಕೂ ಪುರಸತ್ತು ಇರುತ್ತಿರಲಿಲ್ಲ. ಆ ಗಿರಾಕಿಗಳ ಗತಿಯೇನು ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮೂಲೆಯಲ್ಲಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದ ಅತ್ತೆ ಗುರುಬಸವ್ವ ಮಾತ್ರ ಮೊರ ಕೆಳಗಿಟ್ಟಳು.

"ನೀವು ಎಲ್ಲಿ ಇರ್ತೀರಿ ಅಲ್ಲಿ ನಾ ಇರತೇನಿ. ಆದರ ಒಂದು ಮಾತು, ಮಾದೇವ. ಬದುವಿನ ಆಚೆ ಮನಿ ಹೊಸ್ತಲಾ ನಾ ತುಳಿಯೂದಿಲ್ಲ. ಆ ಮನಿ ನೀರು ಸೈತ ನನ್ನ ಬಾಯಿಗೆ ಹಾಕಬ್ಯಾಡ್ರಿ."

"ಹಳೇ ಮಾತು ಎಷ್ಟು ದಿನಾ ಹಿಡಕೊಂಡು ಕುಂದರತಿ ಯವ್ವಾ? ನಲವತ್ತು ವರ್ಷ ಆತು."

"ನನಗ ಆಗಿಲ್ಲ," ಅಂದಳು ಗುರುಬಸವ್ವ, ಮತ್ತೆ ಮೊರ ಎತ್ತಿಕೊಂಡಳು.

ಬದುವಿನ ಆಚೆ ಮನೆಯೆಂದರೆ ಮಹಾದೇವನ ಕಾಕಾ ಮಡಿವಾಳೆಪ್ಪನದು, ಗುರುಬಸವ್ವನ ಮೈದುನನ ಮನೆ. ಇವರ ಪಾಲಿನ ಹೊಲವನ್ನೂ ಇಷ್ಟು ವರ್ಷ ಅವನೇ ಮಾಡುತ್ತಿದ್ದ. ಅವಳ ಗಂಡ ತೀರಿಕೊಂಡ ವರ್ಷವೇ ಅವಳು ಮೂರು ವರ್ಷದ ಮಹಾದೇವನ ಕೈ ಹಿಡಿದು ಹುಬ್ಬಳ್ಳಿಗೆ ಬಂದು, ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಮಗನನ್ನು ದೊಡ್ಡವನನ್ನು ಮಾಡಿದ್ದಳು. ಯಾಕೆ ಬಂದಳು ಎಂಬುದನ್ನು ಮಗನಿಗೂ ಹೇಳಿರಲಿಲ್ಲ, ಸೊಸೆಗೂ ಹೇಳಿರಲಿಲ್ಲ. ಅತ್ತೆ-ಮಾವ ಚೆನ್ನಾಗಿ ನಡೆಸಿಕೊಳ್ಳಲಿಲ್ಲ ಎಂದಷ್ಟೇ ಗೊತ್ತು. ಅಂಥದ್ದು ಯಾವ ಮನೆಯಲ್ಲಿ ಇಲ್ಲ ಎಂದು ರಾಜೇಶ್ವರಿ ಸುಮ್ಮನಿದ್ದಳು.

ಹೊಲದ ಮನೆಯೆಂದರೆ ಇಟ್ಟಂಗಿಯ ಎರಡು ಖೋಲಿ, ಮೇಲೆ ತಗಡು. ಡಾಂಬರು ರಸ್ತೆಯಿಂದ ಒಂದು ಮೈಲಿ ಎರೆಮಣ್ಣಿನ ದಾರಿ. ಸಾಮಾನು ಇಳಿಸುತ್ತಿರುವಾಗಲೇ ಮಡಿವಾಳೆಪ್ಪನ ಹೆಂಡತಿ ಯಲ್ಲವ್ವ ತಂಬಿಗೆ ನೀರು, ರೊಟ್ಟಿ ಬುತ್ತಿ ಹಿಡಿದು ಬದು ದಾಟಿ ಬಂದಳು.

"ಅಕ್ಕ ಎಲ್ಲಿ?"

"ಒಳಗ ಮಲಗ್ಯಾರ್ರಿ," ಅಂದಳು ರಾಜೇಶ್ವರಿ. ಒಳಗಿನಿಂದ ಅಗಳಿ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತ್ತು. ಯಲ್ಲವ್ವ ಬುತ್ತಿ ಕಟ್ಟೆಯ ಮೇಲಿಟ್ಟು ಹೋದಳು. ಮಹಾದೇವ, ರಾಜೇಶ್ವರಿ, ಮಗಳು ಮೀನಾ ಮೂವರೂ ಉಂಡರು. ಗುರುಬಸವ್ವ ಹುಬ್ಬಳ್ಳಿಯಿಂದ ತಂದ ಚುರುಮುರಿ ತಿಂದು ಮಲಗಿದಳು.

ಆಮೇಲೆ ಒಂದರ ಹಿಂದೆ ಒಂದು ಶುರುವಾಯಿತು. ಮೊದಲ ವಾರವೇ ಗಾಳಿ ಸಮೇತ ಅಡ್ಡಮಳೆ ಹೊಡೆದು ದನದ ಕೊಟ್ಟಿಗೆಯ ತಗಡು ಹಾರಿ ಮಡಿವಾಳೆಪ್ಪನ ಹೊಲದಲ್ಲಿ ಬಿತ್ತು. ಹೊಲಿಗೆ ಮಷೀನಿನ ಪಟ್ಟಿಯನ್ನು ಇಲಿ ಕಡಿದು ಹಾಕಿತು. ಪಾಯಖಾನೆಯ ಗುಂಡಿ ಮೊದಲ ದೊಡ್ಡ ಮಳೆಗೆ ತುಂಬಿ ಹಿಂದಕ್ಕೆ ಉಕ್ಕಿತು. ಕುಡಿಯುವ ನೀರಿಗೆ ಊರೊಳಗೆ ಹೋಗಿ ಸ್ಕೂಟರಿನ ಮೇಲೆ ಕ್ಯಾನು ಕಟ್ಟಿಕೊಂಡು ಬರಬೇಕು. ಮಳೆಯಾದ ದಿನ ಸ್ಕೂಟರ್ ಎರೆಮಣ್ಣಿನಲ್ಲಿ ಹೂತು, ಕ್ಯಾನು ಹೆಗಲ ಮೇಲೆ ಬರುತ್ತಿತ್ತು.

ಸಂತೆಯಿಂದ ಹೊಡೆದುಕೊಂಡು ಬಂದ ಎರಡು ಎಮ್ಮೆಗಳಲ್ಲಿ ಒಂದು ಮಹಾದೇವನನ್ನು ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. ಚರಿಗೆ ಹಿಡಿದು ಕೂತರೆ ಒದೆಯುತ್ತಿತ್ತು. ಯಾರೋ ವಿಡಿಯೋದಲ್ಲಿ ಹೇಳಿದರೆಂದು ಅವನು ಫೋನಿನಲ್ಲಿ ಭಜನೆ ಹಚ್ಚಿ ಅದರ ಕಿವಿಯ ಹತ್ತಿರ ಹಿಡಿದ. ಅದು ಫೋನನ್ನೂ ಒದೆಯಿತು. ಕೊನೆಗೆ ಬದುವಿನ ಆಚೆಯಿಂದ ಯಲ್ಲವ್ವ ಕೂಗಿದಳು: "ರಾಜೇಶ್ವರೀ, ಅದು ಹೆಣ್ಣಮಕ್ಕಳ ಕೈಯಾಗ ಬೆಳದದ್ದು. ನೀ ಕುಂದರು. ಮೊದಲ ಕರುವಿಗೆ ಬಿಡು, ಆಮ್ಯಾಲೆ ಕೆಚ್ಚಲಕ ಬಿಸಿನೀರು ಹಚ್ಚು."

ರಾಜೇಶ್ವರಿಗೆ ಎಮ್ಮೆಯ ಬೆನ್ನು ಮುಟ್ಟಲೂ ಅಂಜಿಕೆ. ಆದರೂ ಕೂತಳು. ಬೆರಳು ನೋಯುವ ತನಕ ಹಿಂಡಿದಮೇಲೆ ಚರಿಗೆಯಲ್ಲಿ ಮೊದಲ ಹಾಲಿನ ಸದ್ದು ಕೇಳಿತು. ಅಂದಿನಿಂದ ಆ ಎಮ್ಮೆ ಅವಳದಾಯಿತು, ಅದರ ಸಗಣಿಯೂ ಅವಳದೇ ಆಯಿತು.

ಎಲ್ಲರಿಗಿಂತ ಬೇಗ ಸಿಟ್ಟಿಗೆದ್ದವಳು ಮಗಳು ಮೀನಾ. ಪಿಯುಸಿ ಎರಡನೆಯ ವರ್ಷಕ್ಕೆ ರಾಮದುರ್ಗದ ಕಾಲೇಜಿಗೆ ಹೆಸರು ಹಚ್ಚಿದ್ದರು. ಬಸ್ಸಿಗಾಗಿ ಬೂಟು ಕೈಯಲ್ಲಿ ಹಿಡಿದು ರಾಡಿಯಲ್ಲಿ ನಡೆದು, ಡಾಂಬರು ರಸ್ತೆಯ ಕಲ್ಲಿನ ಮೇಲೆ ಕುಳಿತು ಕಾಲು ತೊಳೆದುಕೊಳ್ಳಬೇಕಿತ್ತು. ಒಂದು ಸಂಜೆ ಮೊಣಕಾಲ ತನಕ ಕಪ್ಪಾಗಿ ಬಂದು ಅಂಗಳದಲ್ಲಿ ನಿಂತಳು.

"ಆ ವಿಡಿಯೋದಾಗ ರಾಡಿ ಇರಲಿಲ್ಲೇನ್ರಿ ಪಪ್ಪಾ?"

"ನಡದ್ರ ಕಾಲೇನು ಸವಿತಾವ? ನಿಮ್ಮ ಆಯಿ ಇದ ದಾರಿಯೊಳಗ ನಡದಾಳ."

"ಆಯಿ ನಡದು ಇಲ್ಲಿಂದ ಓಡಿ ಹೋದ್ರು. ಅದನ್ನೂ ಹೇಳ್ರಿ."

ಮಹಾದೇವ ಕೈ ಎತ್ತಿದ. ಗುರುಬಸವ್ವ ಒಳಗಿನಿಂದ ಬಂದು ನಡುವೆ ನಿಂತಳು. "ಖರೇನ ಹೇಳ್ಯಾಳ. ಖರೇ ಹೇಳಿದವರನ್ನ ಬಡಿಯಾಕ ಹೋಗಬ್ಯಾಡ," ಅಂದಳು. ಅವತ್ತು ಯಾರೂ ಒಬ್ಬರೊಬ್ಬರ ಮುಖ ನೋಡಿ ಉಣ್ಣಲಿಲ್ಲ.

ಗುರುಬಸವ್ವ ಮನೆಯೊಳಗಿನ ಕೆಲಸ ಎಲ್ಲ ಮಾಡುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಕೂತರೆ ಮಾತ್ರ ಬದುವಿಗೆ ಬೆನ್ನು ಕೊಟ್ಟೇ ಕೂಡುತ್ತಿದ್ದಳು. ಹೊಲದಲ್ಲಿ ಒಂದು ದಿನವೂ ಕಾಲಿಡಲಿಲ್ಲ. ಮುಂಗಾರಿಗೆ ಹೆಸರು ಬಿತ್ತಿದಾಗ, "ಬಾ ಯವ್ವಾ, ನೋಡು," ಎಂದು ಮಗ ಕರೆದ. "ಬೆಳದ ಮ್ಯಾಲೆ ಇಲ್ಲೆ ಕಾಣತೈತಿ," ಎಂದು ಎದ್ದು ಒಳಗೆ ಹೋದಳು.

ಶ್ರಾವಣ ಬಂತು. ಹೆಸರು ಕಾಯಿ ಕಟ್ಟಿ ಕಪ್ಪಾಗತೊಡಗಿತು. ಮಹಾದೇವನ ಮುಖದಲ್ಲಿ ಮೊದಲ ಸಲ ಗೆಲುವು ಕಾಣಿಸಿತು. ಆ ಹುರುಪಿನಲ್ಲಿ ಎಮ್ಮೆಗಳಿಗೆ ಮೇವು ಕತ್ತರಿಸುವ ಹಳೆಯ ಕರೆಂಟಿನ ಮಷೀನೊಂದನ್ನು ತಂದು, ಬಿಚ್ಚಿ, ಎಣ್ಣೆ ಬಿಟ್ಟು, ಹೊಸದರಂತೆ ಮಾಡಿದ. ಹಸಿ ಮೇವು ಮಷೀನಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಮುಂದಿನ ಮುಚ್ಚಳದ ತಗಡು ಬಿಚ್ಚಿಟ್ಟ. ಮಡಿವಾಳೆಪ್ಪನ ಮಗ ಕಲ್ಮೇಶ ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗುವಾಗ ನೋಡಿ ನಿಲ್ಲಿಸಿದ.

"ಅಣ್ಣಾ, ಆ ತಗಡು ಹಾಕ್ರಿ. ಹಸೀ ಮೇವು ಕೈ ಎಳಕೊತೈತಿ."

"ಇಪ್ಪತ್ತು ವರ್ಷ ಮಷೀನ್ ಮುಂದ ನಿಂತೇನಿ ತಮ್ಮಾ," ಎಂದು ಮಹಾದೇವ ನಕ್ಕ.

ಮೂರು ದಿನ ಹಿಡಿದ ಜಿಟಿಜಿಟಿ ಮಳೆ ಅಂದು ಮಧ್ಯಾಹ್ನ ಸ್ವಲ್ಪ ಬಿಟ್ಟಿತ್ತು. ರಾಜೇಶ್ವರಿ ಒಲೆಯ ಮೇಲೆ ಅನ್ನಕ್ಕಿಟ್ಟಿದ್ದಳು. ಕೊಟ್ಟಿಗೆಯಲ್ಲಿ ಮಷೀನಿನ ಸದ್ದು ಒಮ್ಮೆ ದಪ್ಪಗಾಗಿ, ಮತ್ತೆ ಮೊದಲಿನಂತಾಯಿತು. ಕೂಗು ಕೇಳಲಿಲ್ಲ. ಎಮ್ಮೆ ಹಗ್ಗ ಜಗ್ಗಾಡಿದ್ದು ಕೇಳಿ ಅವಳು ಹೊರಗೆ ಬಂದಳು. ಮಹಾದೇವ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದ, ಏನೋ ಬಿಸಿಯಾದದ್ದನ್ನು ಹಿಡಿದವನಂತೆ. ಮಷೀನು ಇನ್ನೂ ತಿರುಗುತ್ತಿತ್ತು.

"ಬಂದ್ ಮಾಡು," ಅಂದ, ಮೆತ್ತಗೆ. "ಮೊದಲ ಅದನ್ನ ಬಂದ್ ಮಾಡು."

ಅವಳು ಗುಂಡಿ ಒತ್ತಿದಳು. ಆಮೇಲೆ ಅವನ ಕೈ ನೋಡಿದಳು. ತಂತಿಯ ಮೇಲಿದ್ದ ಟವೆಲ್ ಎಳೆದು ಸುತ್ತಿದಳು. ಅದು ತೊಯ್ದಿತು, ಮೇಲೆ ತನ್ನ ಸೀರೆಯ ಸೆರಗು ಸುತ್ತಿ ಬಿಗಿಯಾಗಿ ಹಿಡಿದಳು. ಮೀನಾ ಕಾಲೇಜಿಗೆ ಹೋಗಿದ್ದಳು. ರಾಜೇಶ್ವರಿ ಒಂದು ಕೈಯಲ್ಲಿ ಫೋನ್ ಹಿಡಿದು ಆಂಬುಲೆನ್ಸಿಗೆ ಹೇಳಿದಳು. ಡಾಂಬರು ರಸ್ತೆಯ ತನಕ ಬರುತ್ತೇವೆ, ಹೊಲದ ದಾರಿಯಲ್ಲಿ ಗಾಡಿ ಇಳಿಯುವುದಿಲ್ಲ, ಅಲ್ಲಿಗೆ ಕರೆತನ್ನಿ ಎಂದರು. ಒಂದು ಮೈಲಿ ರಾಡಿ. ಮಹಾದೇವನ ತುಟಿ ಬೆಳ್ಳಗಾಗುತ್ತಿತ್ತು, ಅವನು ನೆಲಕ್ಕೆ ಕೂತ.

"ಅತ್ತೀ! ಬಂದು ಇವರನ್ನ ಹಿಡೀರಿ, ನಾ ಕಲ್ಮೇಶನ ಮನಿಗೆ ಓಡತೇನಿ."

ಗುರುಬಸವ್ವ ಬಾಗಿಲಲ್ಲಿ ನಿಂತಿದ್ದಳು. ಮಗನ ಕೈ ನೋಡಿದಳು, ಸೊಸೆ ಒತ್ತಿ ಹಿಡಿದ ಸೆರಗು ನೋಡಿದಳು.

"ನೀ ಕೈ ಬಿಡಬ್ಯಾಡ. ಬಿಟ್ರ ರಕ್ತ ನಿಂದರೂದಿಲ್ಲ," ಅಂದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕೆ ಇಳಿದಳು.

ರಾಜೇಶ್ವರಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಲ್ಲಿಂದಲೇ ನೋಡಿದಳು. ಅರವತ್ತೈದು ದಾಟಿದ ಹೆಂಗಸು ಹೆಸರಿನ ಸಾಲುಗಳ ನಡುವೆ ಬೀಳುತ್ತ ಏಳುತ್ತ ಹೋಗುತ್ತಿದ್ದಳು. ಬದು ಹತ್ತುವಾಗ ಜಾರಿದಳು, ಹುಲ್ಲು ಹಿಡಿದು ಮತ್ತೆ ಹತ್ತಿದಳು. ಆಚೆ ಇಳಿದಮೇಲೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಎದ್ದಿತು. ಕಲ್ಮೇಶ ಅದನ್ನು ಬದುವಿನ ಮೇಲಿಂದಲೇ ಹತ್ತಿಸಿ, ಕಾಯಿ ತುಂಬಿದ ಹೆಸರಿನ ಮೇಲೆಯೇ ಹಾಯಿಸಿಕೊಂಡು ಬಂದ. ಹಿಂದಿನ ಟ್ರೇಲರಿನಲ್ಲಿ ಮಡಿವಾಳೆಪ್ಪ ನಿಂತಿದ್ದ. ಇಬ್ಬರೂ ಸೇರಿ ಮಹಾದೇವನನ್ನು ಎತ್ತಿ ಮಲಗಿಸಿದರು. ಗುರುಬಸವ್ವ ನಡೆದೇ ಹಿಂದೆ ಬರುತ್ತಿದ್ದಳು. ಟ್ರೇಲರ್ ಅವಳ ಮುಂದೆ ಹಾಯುವಾಗ ಮಡಿವಾಳೆಪ್ಪ ಕೈ ಚಾಚಿದ. ಅವಳು ಆ ಕೈ ಹಿಡಿಯಲಿಲ್ಲ.

"ನೀವು ನಡೀರಿ," ಅಂದಳು. "ಲಗೂ ನಡೀರಿ."

ರಾಮದುರ್ಗದಲ್ಲಿ ರಕ್ತ ನಿಲ್ಲಿಸಿ ಬೆಳಗಾವಿಗೆ ಕಳಿಸಿದರು. ಎರಡು ಬೆರಳು ಹೋದವು. ನಡುಬೆರಳು ಉಳಿಯಿತು, ಆದರೆ ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಹೆಬ್ಬೆರಳು, ತೋರುಬೆರಳು ಗಟ್ಟಿಯಾಗಿದ್ದವು.

ಮೂರನೆಯ ದಿನ ಕಲ್ಮೇಶನನ್ನು ಗಂಡನ ಹತ್ತಿರ ಬಿಟ್ಟು ರಾಜೇಶ್ವರಿ ಬಟ್ಟೆ ತರಲು ಮನೆಗೆ ಬಂದಳು. ಕೊಟ್ಟಿಗೆಯಲ್ಲಿ ಯಲ್ಲವ್ವ ಎಮ್ಮೆ ಹಿಂಡುತ್ತಿದ್ದಳು. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು, ಅದೇ ಬೆನ್ನು ಕೊಟ್ಟು. ಮೂರು ದಿನದಿಂದ ಹೀಗೇ ಎಂದಳು ಮೀನಾ. "ಆ ಆಯಿ ಬರ್ತಾರ, ಹಿಂಡತಾರ, ಹಾಲು ಇಟ್ಟು ಹೋಗ್ತಾರ. ಈ ಆಯಿ ಬ್ಯಾಡ ಅನ್ನೂದಿಲ್ಲ, ಬಾ ಅಂತನೂ ಅನ್ನೂದಿಲ್ಲ."

ರಾಜೇಶ್ವರಿ ಕೊಟ್ಟಿಗೆಗೆ ಹೋಗಿ ಯಲ್ಲವ್ವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

"ಚಿಗವ್ವಾ, ಅವತ್ತು ಅತ್ತಿ ನಿಮ್ಮ ಮನಿಗೆ ಬಂದು ಏನಂದ್ರು?"

ಯಲ್ಲವ್ವನ ಕೈ ನಿಂತಿತು. "ಒಳಗ ಬರಲಿಲ್ಲ. ಬಾಗಲಾ ಹಿಡದು ನಿಂತು, 'ಮಡಿವಾಳೆಪ್ಪ, ಗಾಡಿ ಬೇಕಾಗೇತಿ' ಅಂದ್ಲು. ನನ್ನ ಎದಿ ಝಲ್ ಅಂತು ನೋಡವಾ. ಆವಾಗ ಹೊಸ್ತಲದಾಗ ನಿಂತು ಅಂದದ್ದೂ ಅಷ್ಟ ಮಾತು."

"ಯಾವಾಗ?"

"ನಿನಗ ಹೇಳಿಲ್ಲೇನು?" ಯಲ್ಲವ್ವ ಕಟ್ಟೆಯ ಕಡೆ ನೋಡಿ ದನಿ ಇಳಿಸಿದಳು. "ಮಾದೇವನ ಬೆನ್ನಿಗೆ ಒಂದು ಹೆಣ್ಣು ಕೂಸಿತ್ತು. ಭಾವ ತೀರಕೊಂಡಾಗ ಆಕಿ ಬಸರು. ಕೂಸು ನಾಕು ತಿಂಗಳದ್ದು ಇದ್ದಾಗ ವಾಂತಿ-ಭೇದಿ ಹತ್ತಿತು. ಹಿಂಗಾರಿ ಬಿತ್ತಗಿ ನಡದಿತ್ತು, ಎತ್ತು ಎಲ್ಲಾ ಕೂರಿಗಿಗೆ ಹೂಡಿದ್ರು. ರಾಮದುರ್ಗಕ್ಕ ಒಯ್ಯಾಕ ಗಾಡಿ ಬೇಕು ಅಂತ ಆಕಿ ನಿಂತ್ಲು. ಮಾವ, ಇವತ್ತ ಕೂರಿಗಿ ನಿಂತ್ರ ನೆಲದ ಹಸಿ ಆರತೈತಿ, ನಾಳಿಗೆ ನೋಡೂಣು ಅಂದ್ರು. ಮನಿಯಾಗ ಗಂಡಸರೆಲ್ಲಾ ಇದ್ರು. ಯಾರೂ ಎದುರು ಆಡಲಿಲ್ಲ. ನಾ ಆಗ ಹೊಸಾ ಮದಿಮಗಳು, ಒಲಿ ಮುಂದ ಇದ್ದೆ."

"ಆಮ್ಯಾಲೆ?"

"ನಾಳಿಗೆ ಕೂಸ ಇರಲಿಲ್ಲ."

ಎಮ್ಮೆ ಬಾಲ ಬೀಸಿತು. ಯಲ್ಲವ್ವ ಮತ್ತೆ ಹಿಂಡತೊಡಗಿದಳು. ರಾಜೇಶ್ವರಿ ಎದ್ದು ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕೂತು ಬೇಯಿಸಿದ್ದೇವೆ, ಇಷ್ಟೂ ಗೊತ್ತಿರಲಿಲ್ಲವಲ್ಲ ಎನಿಸಿತು.

"ಹೆಸರೇನಿತ್ತ್ರಿ ಅತ್ತಿ, ಆ ಕೂಸಿಂದು?"

"ಮನಿಯಾಗ ಸಾವಾಗಿತ್ತಲ್ಲ. ವರ್ಷ ತುಂಬಿದ ಮ್ಯಾಲೆ ಹೆಸರಿಡೂಣು ಅಂದಿದ್ರು. ಇಡಲಿಲ್ಲ." ಆಮೇಲೆ, "ಮಾದೇವಗ ಹೇಳಬ್ಯಾಡ. ಕೈ ಮಾಯಲಿ," ಅಂದಳು.

ಆ ವಾರವೆಲ್ಲ ಹೆಸರು ಬಿಡಿಸುವುದೇ ಕೆಲಸವಾಯಿತು. ಕಾಯಿ ಗಿಡದಲ್ಲೇ ನೆನೆದರೆ ಮೊಳಕೆ ಒಡೆಯುತ್ತದೆ; ಮಳೆ ಬಿಟ್ಟಾಗೆಲ್ಲ ಬಿಡಿಸಬೇಕು. ರಾಜೇಶ್ವರಿ ಬೆಳಗಾವಿಗೂ ಹೊಲಕ್ಕೂ ನಡುವೆ ಓಡಾಡಿದಳು. ಕಾಲೇಜಿನ ಸೂಟಿಯ ದಿನ ಮೀನಾ ಉಡಿ ಕಟ್ಟಿಕೊಂಡು ಇಳಿದಳು, ಯಲ್ಲವ್ವ ಊರಿನ ಇಬ್ಬರು ಹೆಂಗಸರನ್ನು ಕರೆತಂದಳು. ಟ್ರ್ಯಾಕ್ಟರ್ ಹಾದ ಜಾಗದಲ್ಲಿ ಬೆಳೆ ಮಣ್ಣಾಗಿತ್ತು, ಉಳಿದದ್ದು ಕೈಗೆ ಬಂತು. ಅಂಗಳದಲ್ಲಿ ಬಡಿದು ತೂರಿದಮೇಲೆ ಹಸಿರು ಕಾಳಿನ ರಾಶಿ ನೋಡಿ ರಾಜೇಶ್ವರಿ ಅದರಲ್ಲಿ ಕೈಯಿಟ್ಟಳು. ಮೊಣಕೈ ತನಕ ತಣ್ಣಗಾಯಿತು. ಕಾಳು ಆರಿದೆಯೋ ಇಲ್ಲವೋ ನೋಡಲು ಒಂದನ್ನು ಹಲ್ಲಿನಲ್ಲಿ ಕಡಿದು ನೋಡಬೇಕೆಂದು ಅವಳಿಗೆ ಈಗ ಗೊತ್ತಿತ್ತು.

ಮಹಾದೇವ ಮನೆಗೆ ಬಂದ ದಿನ ಯಲ್ಲವ್ವ ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ತಂದಳು. ಈ ಸಲ ಕಟ್ಟೆಯ ಮೇಲಿಡಲಿಲ್ಲ. ನೇರವಾಗಿ ಗುರುಬಸವ್ವನ ಮುಂದೆ ಇಟ್ಟು ಕೂತಳು.

"ಅಕ್ಕಾ, ಇನ್ನರೆ ಉಣ್ಣು."

ಗುರುಬಸವ್ವ ಬುಟ್ಟಿ ತೆರೆದಳು. ಮಗನಿಗೆ, ಮೊಮ್ಮಗಳಿಗೆ, ಸೊಸೆಗೆ ತಾನೇ ನೀಡಿದಳು. ಬುಟ್ಟಿ ಮುಚ್ಚಿ ಪಕ್ಕಕ್ಕೆ ಸರಿಸಿದಳು.

"ಗಾಡಿ ಕೊಟ್ರಿ, ಯಲ್ಲವ್ವ. ನಿಮ್ಮ ಉಪಕಾರ ಇವನ ಮ್ಯಾಲೆ ಐತಿ, ಇಲ್ಲನ್ನೂದಿಲ್ಲ. ಆದರ ಅದು ಇವನ ಕೈಗೆ ಕೊಟ್ಟದ್ದು. ನನ್ನ ಕೂಸಿಗೆ ಕೊಟ್ಟದ್ದಲ್ಲ."

ಯಲ್ಲವ್ವ ತಲೆ ಬಗ್ಗಿಸಿದಳು. ಮಹಾದೇವ ಎಡಗೈಯಲ್ಲಿ ಹಿಡಿದ ತುತ್ತು ಹಾಗೇ ನಿಂತಿತು. "ಯಾವ ಕೂಸು?" ಎಂದು ಕೇಳಿದ. ಅವತ್ತು ಅವನಿಗೆ ಎಲ್ಲ ತಿಳಿಯಿತು.

ಅದಾದಮೇಲೆ ಅವನು ಮಾತು ಕಡಿಮೆ ಮಾಡಿದ. ಚಹದ ಕಪ್ಪು ಎಡಗೈಯಿಂದ ಹಿಡಿದು ಚೆಲ್ಲಿಕೊಳ್ಳುತ್ತಿದ್ದ, ಗುಂಡಿ ಹಾಕಿಕೊಳ್ಳಲು ಬರದೆ ಅಂಗಿ ಬಿಸಾಡುತ್ತಿದ್ದ. ಎಮ್ಮೆ ಹಿಂಡಿ, ಸಗಣಿ ಬಳಿದು, ಮೀನಾಳಿಗೆ ಬುತ್ತಿ ಕಟ್ಟಿ, ಅವನ ಬ್ಯಾಂಡೇಜು ಬದಲಿಸುವ ರಾಜೇಶ್ವರಿಯನ್ನು ನೋಡುತ್ತ ಕೂಡುತ್ತಿದ್ದ. ಗಣಪತಿ ಹಬ್ಬದ ಮರುದಿನ ಊಟಕ್ಕೆ ಕೂತಾಗ ಅಂದ:

"ಹೊಳ್ಳಿ ಹುಬ್ಬಳ್ಳಿಗೆ ಹೋಗೂಣು. ಅಲ್ಲೊಂದು ಸ್ಪೇರ್‌ಪಾರ್ಟ್ಸ್ ಅಂಗಡ್ಯಾಗ ಕುಂದರೂ ಕೆಲಸಾ ಐತಂತ. ಎಮ್ಮಿ ನೋಡಾಕ ಸ್ವಾಮವಾರ ಮಂದಿ ಬರ್ತಾರ. ಹೊಲಾ ಲಾವಣಿಗೆ ಕೇಳ್ಯಾರ, ವರ್ಷದ ಗುತ್ತಿಗಿಗೆ ಕೊಟ್ಟುಬಿಡ್ತೇನಿ."

ಮೀನಾ ತಾಟಿನಿಂದ ತಲೆ ಎತ್ತಿದಳು. "ನನ್ನ ಕಾಲೇಜು? ಮತ್ತ ಬದಲಿ ಮಾಡೂದೇನು, ನಡು ವರ್ಷದಾಗ?"

"ನೀನ ಅಲ್ಲೇನು ರಾಡಿ ರಾಡಿ ಅಂತಿದ್ದಾಕಿ?"

"ರಾಡಿ ಅಂದೆ. ಹೊಳ್ಳಿ ಹೋಗೂಣು ಅಂದಿಲ್ಲ."

ರಾಜೇಶ್ವರಿ ಸಾರಿನ ಸೌಟು ಬೋಗಣಿಯಲ್ಲಿಟ್ಟಳು.

"ಬರೂಣು ಅಂದ್ರಿ, ಬಂದ್ವಿ. ನನ್ನ ಗಿರಾಕಿ ಬಿಟ್ಟು ಬಂದೆ. ಎಮ್ಮಿ ತಂದ್ರಿ, ಹಿಂಡಿದೆ. ಹೆಸರು ಹಾಕಿದ್ರಿ, ಬಿಡಿಸಿದೆ. ಈಗ ಹೋಗೂಣು ಅಂತೀರಿ. ಬರೂ ಮುಂದೂ ನನ್ನ ಕೇಳಲಿಲ್ಲ, ಹೋಗೂ ಮುಂದೂ ಕೇಳಲಿಲ್ಲ. ನಾ ಏನು ನಿಮ್ಮ ಸಾಮಾನಿನ ಗಂಟೇನ್ರಿ, ಗಾಡಿಗೆ ಹಾಕೂದು, ಇಳಸೂದು?"

"ಈ ಕೈ ಇಟಗೊಂಡು ನಾ ಇಲ್ಲಿ ಏನು ಮಾಡ್ಲಿ, ರಾಜೇಶ್ವರಿ?" ಮಹಾದೇವ ಬ್ಯಾಂಡೇಜಿನ ಕೈ ಎತ್ತಿ ತೋರಿಸಿದ. "ನೀ ದುಡಿಯೂದು, ನಾ ನೋಡೂದು. ನನ್ನಿಂದ ಆಗೂದಿಲ್ಲ."

ರಾಜೇಶ್ವರಿ ಅವನ ತಾಟಿನಲ್ಲಿ ರೊಟ್ಟಿಯನ್ನು ಮುರಿದು ಸಣ್ಣ ತುಂಡು ಮಾಡಿ ಕೊಟ್ಟಳು. ಅವನು ಉಂಡ.

ಸೋಮವಾರ ಎಮ್ಮೆ ನೋಡುವ ಮಂದಿ ಬರುವ ಮುಂಚೆ, ಬೆಳಗಿನ ಚಹದ ಹೊತ್ತಿಗೆ, ಮಡಿವಾಳೆಪ್ಪ ಬಂದ. ಟ್ರ್ಯಾಕ್ಟರ್ ತಂದ ದಿನ ಬಿಟ್ಟರೆ, ಅಷ್ಟು ತಿಂಗಳಲ್ಲಿ ಅವನು ಗುರುಬಸವ್ವನ ಎದುರಿಗೆ ಒಮ್ಮೆಯೂ ನಿಂತಿರಲಿಲ್ಲ. ಅಂಗಳದ ಅಂಚಿನಲ್ಲೇ ನಿಂತು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಅತ್ತಿಗೆಯನ್ನು ಕರೆದ.

"ವೈನಿ, ನೀವು ಹೋಗ್ತೀರಿ ಅಂತ ಕೇಳ್ದೆ. ಹೊಲಾ ಪರರಿಗೆ ಲಾವಣಿ ಕೊಡತಾರಂತ. ಅವರು ಸಾರಾಸಗಟ ಟ್ರ್ಯಾಕ್ಟರ್ ಹೊಡಿತಾರ. ಅದಕ್ಕ ಬಂದೆ."

ಗುರುಬಸವ್ವ ಚಹದ ಕಪ್ಪು ಹಿಡಿದು ಅವನ ಕಡೆ ತಿರುಗಿದಳು.

"ಅವತ್ತು ಕೂಸಿನ್ನ ಒಯ್ದು ಮಣ್ಣ ಮಾಡಿದಾಂವ ನಾನ. ನಿಮ್ಮನ್ನ ಕರಕೊಂಡು ಹೋಗೂ ಪದ್ಧತಿ ಇರಲಿಲ್ಲ. ಜಾಗಾ ನನಗೊಬ್ಬಗ ಗೊತ್ತೈತಿ. ಬರ್ರಿ, ತೋರಸ್ತೇನಿ. ನಾ ಸತ್ರ ತೋರಸಾಕ ಯಾರೂ ಇಲ್ಲ."

ರಾಜೇಶ್ವರಿ ಅತ್ತೆಯ ಕೈಯಲ್ಲಿದ್ದ ಕಪ್ಪನ್ನು ತೆಗೆದುಕೊಂಡಳು. ಗುರುಬಸವ್ವ ಎದ್ದಳು. ಮುಂದೆ ಮಡಿವಾಳೆಪ್ಪ, ಹಿಂದೆ ಅವಳು, ಅವಳ ಹಿಂದೆ ರಾಜೇಶ್ವರಿ ಹೊಲದ ಮೂಲೆಗೆ ನಡೆದರು. ಬದು ಹಳ್ಳಕ್ಕೆ ಕೂಡುವ ಕಡೆ, ಹೆಣ್ಣುಮಕ್ಕಳು ಸೀರೆ ಒಣಹಾಕುವಷ್ಟು ಜಾಗ, ನೇಗಿಲ ಗಳೆ ಹಾಯದೆ ಕರಿಕೆ ಹುಲ್ಲು ಬೆಳೆದು ಬಿದ್ದಿತ್ತು. ನಡುವೆ ಒಂದು ದುಂಡು ಕಲ್ಲು.

"ಇಲ್ಲಿ ಬಾರಿಗಿಡ ಇತ್ತು. ಗಾಳಿಗೆ ಬಿತ್ತು. ಗುರುತಿಗೆ ಹೊಳಿಯಿಂದ ಈ ಕಲ್ಲು ತಂದಿಟ್ಟೆ. ಇಷ್ಟು ಜಾಗಾ ನಾ ಒಮ್ಮೆನೂ ಗಳೆ ಹೊಡದಿಲ್ಲ." ಅಷ್ಟು ಹೇಳಿ ಮಡಿವಾಳೆಪ್ಪ ಟವೆಲ್ ತಲೆಗೆ ಸುತ್ತಿಕೊಂಡು ತನ್ನ ಹೊಲದ ಕಡೆ ಇಳಿದು ಹೋದ.

ಗುರುಬಸವ್ವ ಅಳಲಿಲ್ಲ. ಮೊಣಕಾಲೂರಿ ಕೂತು ಕಲ್ಲಿನ ಮೇಲೆ ಅಂಗೈಯಿಟ್ಟಳು, ಮಲಗಿದ ಮಕ್ಕಳಿಗೆ ಜ್ವರ ಇದೆಯೇ ನೋಡುವವರಂತೆ. ಆಮೇಲೆ ಕಲ್ಲಿನ ಸುತ್ತಲಿನ ಕರಿಕೆಯನ್ನು ಬೇರುಸಹಿತ ಕೀಳತೊಡಗಿದಳು. ರಾಜೇಶ್ವರಿ ಇನ್ನೊಂದು ಬದಿಯಿಂದ ಕೀಳತೊಡಗಿದಳು. ಬಿಸಿಲು ಏರಿತು. ಮನೆಯ ಕಡೆಯಿಂದ ಮಹಾದೇವ ಬಂದ. ಅವರನ್ನು ನೋಡಿ ಏನೂ ಕೇಳದೆ ಕೂತು, ಎಡಗೈಯಿಂದ ಹುಲ್ಲು ಹಿಡಿದು ಜಗ್ಗಿದ. ಬೇರು ಗಟ್ಟಿಯಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳನ್ನೂ ಕೂಡಿಸಿ ಜಗ್ಗಿದ. ಬಂತು.

"ನಾ ಬರೂದಿಲ್ಲ, ಮಾದೇವ," ಅಂದಳು ಗುರುಬಸವ್ವ, ಕೆಲಸ ನಿಲ್ಲಿಸದೆ. "ನೀವು ಹೋಗೂದಿದ್ರ ಹೋಗ್ರಿ. ನಾ ಇದನ್ನ ಬಿಟ್ಟು ಒಮ್ಮೆ ಹೋಗೇನಿ. ಇನ್ನೊಮ್ಮೆ ಹೋಗಾಕ ನನ್ನ ಕೈಲೆ ಆಗೂದಿಲ್ಲ."

"ನಿನ್ನೊಬ್ಬಾಕಿನ್ನ ಹ್ಯಾಂಗ ಬಿಟ್ಟು ಹೋಗೂದು ಯವ್ವಾ?"

"ಅದನ್ನ ನನ್ನ ಕೇಳಬ್ಯಾಡ." ಗುರುಬಸವ್ವ ಮಣ್ಣಾದ ಕೈ ಕೊಡವಿಕೊಂಡು ಸೊಸೆಯ ಕಡೆ ತಿರುಗಿದಳು. "ಎಮ್ಮಿ ಆಕಿ ಹಿಂಡತಾಳ. ಬೆಳಿ ಆಕಿ ತಗದಾಳ. ರಾಜೇಶ್ವರಿ, ನೀ ಏನಂತಿ?"

ದೂರದಲ್ಲಿ ದಾರಿಯ ಮೇಲೆ ಎಮ್ಮೆ ನೋಡುವ ಮಂದಿಯ ಮೋಟರ್‌ಸೈಕಲ್ಲು ಕೆಸರಿನಲ್ಲಿ ಸಿಕ್ಕಿ ಗುರುಗುಟ್ಟುತ್ತಿತ್ತು. ರಾಜೇಶ್ವರಿ ಉತ್ತರ ಕೊಡುವ ಮುಂಚೆ ಹೊಲವನ್ನು ನೋಡಿದಳು. ಹೆಸರು ಕಿತ್ತ ಕರಿ ನೆಲ ಹಸಿಯಾಗಿ ಖಾಲಿ ಬಿದ್ದಿತ್ತು. ಹುಬ್ಬಳ್ಳಿಯ ಮನೆಯ ಆ ಹೊಲಿಗೆ ಖೋಲಿ ಅವಳ ಕಣ್ಣಮುಂದೆ ಬಂತು; ಅದರ ಮೇಲಿನ ಆಸೆ ಹೋಗಿರಲಿಲ್ಲ. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಕಾಯಂ ಇರತೇನಿ ಅಂತ ನಾ ಹೇಳೂದಿಲ್ರಿ ಅತ್ತಿ," ಅಂದಳು. "ಬಿಳಿಜ್ವಾಳ ಬಿತ್ತೂಣು. ಅದು ಬರೂತನಕ ಇರೂಣು."

ಗಂಡನ ಮುಖ ನೋಡಿದಳು.

"ಜ್ವಾಳ ಬಂದ ಮ್ಯಾಲೆ ಮತ್ತ ಕೇಳ್ರಿ."

ಮಹಾದೇವ ಕಿತ್ತ ಕರಿಕೆಯನ್ನು ಬದುವಿನ ಮೇಲೆ ಹಾಕಿದ. ಆಮೇಲೆ ಎದ್ದು, ಎಮ್ಮೆ ಕೊಡುವುದಿಲ್ಲವೆಂದು ಹೇಳಲು ದಾರಿಯ ಕಡೆ ನಡೆದ.